ಕರೆಂಟ್ ಕೊಟ್ಟರೆ ಮಿದುಳು ಸುಡುತ್ತದೆಯೇ?

ಮನೆಯ ಹಿರಿಯರೊಬ್ಬರ ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಎದೆ ಸೀಳಿ ಬೈಪಾಸ್ ಮಾಡಬೇಕು ಎಂದು ವೈದ್ಯರು ಹೇಳಿದರೆ ನಾವು ಏನು ಮಾಡುತ್ತೇವೆ? ಹಣ ಹೊಂದಿಸುತ್ತೇವೆ, ರಕ್ತ ಕೊಡುವವರನ್ನು ಹುಡುಕುತ್ತೇವೆ, ಮನೆದೇವರಿಗೆ ಮುಡಿಪು ಕಟ್ಟುತ್ತೇವೆ. ಎದೆ ಸೀಳುವುದು ಕ್ರೌರ್ಯ ಎಂದು ಯಾರೂ ವೈದ್ಯರ ಕೈ ಹಿಡಿಯುವುದಿಲ್ಲ. ಅದೇ ಹಿರಿಯರು ತೀವ್ರ ಖಿನ್ನತೆಯಿಂದ ಅನ್ನ ನೀರು ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ, ಮಾತ್ರೆಗಳು ಫಲ ಕೊಟ್ಟಿಲ್ಲ, ಇನ್ನು ಇಸಿಟಿ ಕೊಡುವುದು ಒಳ್ಳೆಯದು ಎಂದು ವೈದ್ಯರು ಹೇಳಲಿ. ಕೂಡಲೇ ನೆಂಟರಿಷ್ಟರ ಪಂಚಾಯಿತಿ ಸೇರುತ್ತದೆ. "ಅಯ್ಯೋ, ಕರೆಂಟ್ ಕೊಡಿಸುತ್ತೀರಾ? ಮಿದುಳು ಸುಟ್ಟು ಹೋಗುತ್ತದಂತೆ. ಆಮೇಲೆ ಮನುಷ್ಯ ಮರದ ಬೊಂಬೆಯ ಹಾಗೆ ಆಗುತ್ತಾನಂತೆ." ಅಂತೆ ಕಂತೆಗಳ ಸಂತೆಯಲ್ಲಿ ರೋಗಿ ಮತ್ತೊಂದು ವಾರ ಉಪವಾಸ ಬೀಳುತ್ತಾರೆ.

ನನ್ನ ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ, ಈ ಸಲದ ಬರಹ ಆ ಪಂಚಾಯಿತಿಯ ವಿರುದ್ಧ. ಅದರಲ್ಲಿ ಕುಳಿತು ಮಾತಾಡುವವರಲ್ಲಿ ನಮ್ಮ ಕುಟುಂಬದವರೂ ಇದ್ದಾರೆ, ನನ್ನ ತರಗತಿಯಲ್ಲಿ ಬೆಂಚು ಸವೆಸಿದವರೂ ಇದ್ದಾರೆ. ಕೆಲವರಿಗೆ ಬೇಸರವಾಗಬಹುದು. ಆಗಲಿ. ನನ್ನ ವಾದ ಇಷ್ಟೇ: ಇಸಿಟಿ ಮಿದುಳನ್ನು ಸುಡುತ್ತದೆ ಎಂಬುದು ಸುಳ್ಳು, ಅದರಿಂದ ಏನೂ ಆಗುವುದಿಲ್ಲ ಎಂಬುದೂ ಸುಳ್ಳು. ಈ ಎರಡು ಸುಳ್ಳುಗಳ ನಡುವೆ ಸಿಕ್ಕಿಕೊಂಡು ನರಳುವವರು ರೋಗಿಗಳು.

ಮೊದಲು ಈ ಭಯ ಎಲ್ಲಿಂದ ಬಂತೆಂದು ನೋಡೋಣ. 1934ರಲ್ಲಿ ಬುಡಾಪೆಸ್ಟಿನ ವೈದ್ಯ ಮೆಡುನಾ ಎಂಬಾತ ಮನೋರೋಗಿಗಳಿಗೆ ಕರ್ಪೂರದ ಚುಚ್ಚುಮದ್ದು ಕೊಟ್ಟು ಬೇಕೆಂದೇ ಮೂರ್ಛೆಯ ಸೆಳವನ್ನು ಬರಿಸಿದ. ಮೂರ್ಛೆರೋಗವೂ ಸ್ಕಿಜೋಫ್ರೇನಿಯವೂ ಪರಸ್ಪರ ವಿರೋಧಿಗಳು ಎಂಬುದು ಅವನ ಊಹೆ. ಊಹೆ ನಿಲ್ಲಲಿಲ್ಲ, ಆದರೆ ಕೆಲವು ರೋಗಿಗಳು ಚೇತರಿಸಿಕೊಂಡರು. ಔಷಧದಿಂದ ಸೆಳವು ಬರುವ ತನಕ ರೋಗಿಗೆ ಆಗುತ್ತಿದ್ದ ಪ್ರಾಣಭಯ ಮಾತ್ರ ಘೋರವಾಗಿತ್ತು. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬಿಬ್ಬರು ಅದೇ ಸೆಳವನ್ನು ವಿದ್ಯುತ್ತಿನಿಂದ ತರಿಸಿದರು. ಕಸಾಯಿಖಾನೆಯಲ್ಲಿ ಹಂದಿಗಳ ತಲೆಗೆ ವಿದ್ಯುತ್ ಹಾಯಿಸಿ ಪ್ರಜ್ಞೆ ತಪ್ಪಿಸುವುದನ್ನು ಚೆರ್ಲೆಟ್ಟಿ ನೋಡಿದ್ದ. ಆ ವಿದ್ಯುತ್ತಿನಿಂದಲೇ ಹಂದಿಗಳು ಸಾಯುವುದಿಲ್ಲ ಎಂಬುದನ್ನು ಪರೀಕ್ಷಿಸಿ ತಿಳಿದುಕೊಂಡಿದ್ದ. ಇಂಥ ಹುಟ್ಟುಕಥೆಯುಳ್ಳ ಚಿಕಿತ್ಸೆಗೆ ಒಳ್ಳೆಯ ಹೆಸರು ಬರುವುದು ಕಷ್ಟವೇ ಸರಿ.

ಆರಂಭದ ವರ್ಷಗಳಲ್ಲಿ ಅರಿವಳಿಕೆ ಇರಲಿಲ್ಲ. ಎಚ್ಚರವಾಗಿದ್ದ ರೋಗಿಯನ್ನು ನಾಲ್ಕು ಜನ ಹಿಡಿದುಕೊಳ್ಳಬೇಕಿತ್ತು. ಸೆಳವಿನ ರಭಸಕ್ಕೆ ಬೆನ್ನುಮೂಳೆ ಮುರಿದ ಉದಾಹರಣೆಗಳು ಬೇಕಾದಷ್ಟಿವೆ. ಕೆಲವು ಆಸ್ಪತ್ರೆಗಳಲ್ಲಿ ಹಟಮಾರಿ ರೋಗಿಗಳನ್ನು ಬಗ್ಗಿಸಲು ಇದನ್ನು ಶಿಕ್ಷೆಯಾಗಿ ಬಳಸಿದ್ದೂ ಉಂಟು. 1975ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ಎಂಬ ಅಮೆರಿಕದ ಚಲನಚಿತ್ರ ಆ ಚಿತ್ರವನ್ನು ಜಗತ್ತಿನ ಕಣ್ಣಿನಲ್ಲಿ ಅಚ್ಚೊತ್ತಿಬಿಟ್ಟಿತು. ನಮ್ಮಲ್ಲಿಯೂ ಅರಿವಳಿಕೆ ತಜ್ಞರ ಕೊರತೆಯಿಂದ ಹಳೆಯ ಪದ್ಧತಿ ಬಹುಕಾಲ ಉಳಿದಿತ್ತು. ಶಾಲೆಯ ಅಂಗಳದಲ್ಲಿ "ಇವನನ್ನು ಧಾರವಾಡಕ್ಕೆ ಕಳಿಸಬೇಕು", "ಇವನಿಗೆ ಕರೆಂಟ್ ಕೊಡಿಸಬೇಕು" ಎಂದು ಹುಡುಗರು ಛೇಡಿಸುವುದನ್ನು ನಾನು ಎಷ್ಟು ಸಲ ಕೇಳಿಲ್ಲ! ಭಯಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ಆದರೆ ಅರಿವಳಿಕೆಯಿಲ್ಲದೆ ಕಾಲು ಕತ್ತರಿಸುತ್ತಿದ್ದ ಕಾಲವೂ ಇತ್ತೆಂದು ಇಂದು ಯಾರೂ ಶಸ್ತ್ರಚಿಕಿತ್ಸೆ ಬೇಡವೆನ್ನುವುದಿಲ್ಲವಲ್ಲ!

ಈಗಿನ ಕ್ರಮ ಬೇರೆ. ರೋಗಿ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಅರಿವಳಿಕೆ ತಜ್ಞರು ಚುಚ್ಚುಮದ್ದಿನಿಂದ ಕೆಲವು ನಿಮಿಷಗಳ ನಿದ್ರೆ ಬರಿಸುತ್ತಾರೆ. ಸ್ನಾಯುಗಳನ್ನು ಸಡಿಲಗೊಳಿಸುವ ಇನ್ನೊಂದು ಮದ್ದು ಕೊಟ್ಟು, ಆಮ್ಲಜನಕ ನೀಡುತ್ತಾರೆ. ಹಲ್ಲು, ನಾಲಿಗೆಗಳ ರಕ್ಷಣೆಗೆ ಬಾಯಲ್ಲಿ ಮೆತ್ತನೆಯದೊಂದನ್ನು ಇಡುತ್ತಾರೆ. ತಲೆಯ ಮೇಲೆ ಎರಡು ಕಡೆ ಇಟ್ಟ ಬಿಲ್ಲೆಗಳ ಮೂಲಕ ಅತಿ ಚಿಕ್ಕ ಮಿಡಿತಗಳ ರೂಪದಲ್ಲಿ ಕೆಲವೇ ಸೆಕೆಂಡು ವಿದ್ಯುತ್ ಹಾಯುತ್ತದೆ. ಅದರಿಂದ ಮಿದುಳಿನಲ್ಲಿ ಒಂದು ಸೆಳವು ಆರಂಭವಾಗಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಹೊರಗೆ ಕಾಣುವುದು ಕಾಲ್ಬೆರಳುಗಳ ಅಥವಾ ಮುಖದ ಸಣ್ಣ ಅದುರು ಮಾತ್ರ; ಒಳಗಿನ ಸೆಳವನ್ನು ಇಇಜಿ ಯಂತ್ರ ಗುರುತಿಸುತ್ತದೆ. ವಾರಕ್ಕೆ ಎರಡು ಮೂರು ಸಲದಂತೆ ಒಟ್ಟು ಆರರಿಂದ ಹನ್ನೆರಡು ಸಲ ಕೊಡುವುದು ವಾಡಿಕೆ. ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅರಿವಳಿಕೆ ಮತ್ತು ಸ್ನಾಯು ಸಡಿಲಿಕೆಯ ಮದ್ದುಗಳಿಲ್ಲದ ಇಸಿಟಿಯನ್ನು ನಿಷೇಧಿಸಿದೆ. ಅಪ್ರಾಪ್ತರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಪೂರ್ವಾನುಮತಿಯೂ ಬೇಕು. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಒಪ್ಪಿಗೆಯಿಲ್ಲದೆ ಇದನ್ನು ಕೊಡಲು ಆ ಕಾಯಿದೆ ಅವಕಾಶ ಕೊಡುವುದಿಲ್ಲ.

ಇನ್ನು ಸುಡುವ ಮಾತು. ಇದಕ್ಕೆ ವೈದ್ಯಶಾಸ್ತ್ರ ಬೇಡ. ನಿಮಗೆ ಪ್ರೌಢಶಾಲೆಯಲ್ಲಿ ಕಲಿಸಿದ ವಿಶಿಷ್ಟ ಉಷ್ಣದ ಲೆಕ್ಕ ಸಾಕು. ಒಂದು ಸಲದ ಚಿಕಿತ್ಸೆಯಲ್ಲಿ ಯಂತ್ರ ಕೊಡುವ ಶಕ್ತಿ ಹೆಚ್ಚೆಂದರೆ 100 ಜೂಲ್ ಆಸುಪಾಸು. ಉದಾರವಾಗಿ 200 ಎಂದೇ ಇಟ್ಟುಕೊಳ್ಳಿ. ಅದರ ಬಹುಪಾಲು ನೆತ್ತಿಯ ಚರ್ಮದಲ್ಲಿ, ತಲೆಬುರುಡೆಯಲ್ಲಿ ಕಳೆದುಹೋಗುತ್ತದೆ. ಹಾಗಾಗದೆ ಅಷ್ಟೂ ಮಿದುಳಿಗೇ ಹೋಯಿತೆಂದು ಭಾವಿಸೋಣ. ಮಿದುಳಿನ ತೂಕ ಸುಮಾರು 1.3 ಕಿಲೋಗ್ರಾಂ. ಅದರ ವಿಶಿಷ್ಟ ಉಷ್ಣ ನೀರಿಗಿಂತ ತುಸು ಕಡಿಮೆ, ಸುಮಾರು 3600. ಅಂದರೆ ಇಡೀ ಮಿದುಳನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4680 ಜೂಲ್ ಬೇಕು. 200 ಜೂಲಿನಿಂದ ಏರುವ ಉಷ್ಣ ಎಷ್ಟು? ಭಾಗಿಸಿ ನೋಡಿ: 0.04 ಡಿಗ್ರಿ. ನೂರೆರಡು ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದ ಮಗುವಿನ ಮಿದುಳು ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿರುತ್ತದೆ. ಆ ಮಗುವಿನ ಮಿದುಳು ಸುಟ್ಟಿತೆಂದು ನೀವು ಹೇಳುವುದಿಲ್ಲ.

ಆದರೆ ಲೆಕ್ಕ ಸರಿಹೋಯಿತೆಂದು ಚಪ್ಪಾಳೆ ತಟ್ಟಬೇಡಿ. ಸುಡುವುದಿಲ್ಲ ಎಂದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂದಲ್ಲ. ಇಲ್ಲಿ ಕೆಲಸ ಮಾಡುವುದು ಬಿಸಿಯಲ್ಲ, ಸೆಳವು. ಕೋಟ್ಯಂತರ ನರಕೋಶಗಳು ಒಮ್ಮೆಗೇ ಒಂದೇ ಲಯದಲ್ಲಿ ಮಿಡಿಯುತ್ತವೆ. ಆಮೇಲೆ ಮಿದುಳು ತನ್ನದೇ ತಡೆಶಕ್ತಿಯನ್ನು ಒಗ್ಗೂಡಿಸಿ ಆ ಬಿರುಗಾಳಿಯನ್ನು ನಿಲ್ಲಿಸುತ್ತದೆ. ಚಿಕಿತ್ಸೆ ಮುಂದುವರಿದಂತೆ ಸೆಳವು ತರಿಸುವುದು ಕಷ್ಟವಾಗುತ್ತಾ ಹೋಗುವುದು ಸಾಮಾನ್ಯ. ಹೀಗೆ ಬಲಗೊಂಡ ತಡೆಶಕ್ತಿಯೇ ಗುಣಕ್ಕೆ ಕಾರಣವಿರಬಹುದು ಎಂಬುದು ಒಂದು ಸಿದ್ಧಾಂತ. ಇಲಿಗಳಿಗೆ ಇಂಥ ಸೆಳವು ಕೊಟ್ಟಾಗ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶಗಳ ಹುಟ್ಟು ಹೆಚ್ಚಿತೆಂದು 2000ದಲ್ಲಿಯೂ, ಕೋತಿಗಳಲ್ಲಿ 2007ರಲ್ಲಿಯೂ ವರದಿಯಾಯಿತು. ಮನುಷ್ಯರ ಎಂಆರ್‌ಐ ಚಿತ್ರಗಳಲ್ಲಿ ಚಿಕಿತ್ಸೆಯ ಬಳಿಕ ಹಿಪ್ಪೊಕ್ಯಾಂಪಸ್ ಸ್ವಲ್ಪ ಹಿಗ್ಗಿರುವುದು ಮತ್ತೆ ಮತ್ತೆ ಕಂಡಿದೆ. ಆದರೆ 2018ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ನಡೆಸಿದ ಅಧ್ಯಯನದಲ್ಲಿ, ಹೆಚ್ಚು ಹಿಗ್ಗಿದವರೇ ಹೆಚ್ಚು ಗುಣವಾದರು ಎಂಬ ಸಂಬಂಧ ಕಾಣಲಿಲ್ಲ. ಆದ್ದರಿಂದ "ಇಸಿಟಿ ಮಿದುಳನ್ನು ಬೆಳೆಸುತ್ತದೆ" ಎಂದು ಕುಣಿಯುವವರಿಗೂ ನಾನು ಅಂಕ ಕೊಡಲಾರೆ. ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ವಿಜ್ಞಾನ ಇನ್ನೂ ಒಂದೇ ಉತ್ತರಕ್ಕೆ ಬಂದಿಲ್ಲ.

ನರಕೋಶಗಳು ಸಾಯುತ್ತವೆಯೇ? 1994ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಅಲ್ಲಿಯವರೆಗಿನ ಮಿದುಳಿನ ಚಿತ್ರಗಳನ್ನೂ ಪ್ರಾಣಿಗಳ ಪ್ರಯೋಗಗಳನ್ನೂ ಒಟ್ಟಾಗಿ ಪರಿಶೀಲಿಸಿ, ಇಸಿಟಿಯಿಂದ ಮಿದುಳಿನ ರಚನೆಗೆ ಹಾನಿಯಾಗುತ್ತದೆ ಎಂಬುದಕ್ಕೆ ಆಧಾರ ಕಾಣಲಿಲ್ಲವೆಂದು ಬರೆದರು. ನರಕೋಶಗಳಿಗೆ ಪೆಟ್ಟು ಕೊಡುವುದು ಅರ್ಧ ಗಂಟೆ, ಒಂದು ಗಂಟೆ ನಿಲ್ಲದೆ ನಡೆಯುವ ಸೆಳವು. ಆಮ್ಲಜನಕ ಕೊಡುತ್ತಾ ಒಂದು ನಿಮಿಷದಲ್ಲಿ ಮುಗಿಯುವ ಸೆಳವಿನ ಸ್ಥಿತಿಯೇ ಬೇರೆ.

ಹಾಗಾದರೆ ನಷ್ಟವಿಲ್ಲವೇ? ಇದೆ. ಅದರ ಹೆಸರು ಮರೆವು. ಇಲ್ಲಿ ನನ್ನ ಕೋಪ ನೆಂಟರಿಂದ ವೈದ್ಯರ ಕಡೆಗೆ ತಿರುಗುತ್ತದೆ.

ಚಿಕಿತ್ಸೆಯ ದಿನ ಕೆಲಹೊತ್ತು ಗೊಂದಲ, ಆ ವಾರಗಳಲ್ಲಿ ಹೊಸದು ನೆನಪಿನಲ್ಲಿ ನಿಲ್ಲದಿರುವುದು, ಇವು ಸಾಮಾನ್ಯ ಮತ್ತು ತಾತ್ಕಾಲಿಕ. ಡಬ್ಲಿನ್ನಿನ ಸಂಶೋಧಕರು 2010ರಲ್ಲಿ 84 ಅಧ್ಯಯನಗಳನ್ನು, ಸುಮಾರು ಮೂರು ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಕಲಿಯುವ, ಗಮನಿಸುವ, ಯೋಚಿಸುವ ಸಾಮರ್ಥ್ಯದ ಕುಸಿತ ಮುಖ್ಯವಾಗಿ ಮೊದಲ ಕೆಲವು ದಿನಗಳದು. ಎರಡು ವಾರ ಕಳೆದ ಮೇಲೆ ಹಲವು ಪರೀಕ್ಷೆಗಳಲ್ಲಿ ರೋಗಿಗಳು ಚಿಕಿತ್ಸೆಗೆ ಮುಂಚಿಗಿಂತ ಚೆನ್ನಾಗಿಯೇ ಉತ್ತರಿಸಿದರು. ಆದರೆ ಸ್ವಂತ ಬದುಕಿನ ನೆನಪುಗಳ ಕಥೆ ಬೇರೆ. ಚಿಕಿತ್ಸೆಗೆ ಹತ್ತಿರದ ವಾರಗಳ, ತಿಂಗಳುಗಳ ಘಟನೆಗಳು, ಕೆಲವೊಮ್ಮೆ ಅದಕ್ಕೂ ಹಿಂದಿನವು, ಅಳಿಸಿಹೋಗಬಹುದು. ಎಲ್ಲವೂ ಮರಳಿ ಬಾರದಿರಬಹುದು. 2003ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಸಮೀಕ್ಷೆಯೊಂದರ ಪ್ರಕಾರ, ಇಸಿಟಿ ಪಡೆದವರಲ್ಲಿ ಕನಿಷ್ಠ ಮೂರರಲ್ಲಿ ಒಂದು ಭಾಗದವರು ಮರೆವು ಉಳಿದುಕೊಂಡಿತೆಂದು ಹೇಳಿದ್ದರು. ಆ ಸಂಶೋಧಕರ ತಂಡದಲ್ಲಿ ಸ್ವತಃ ಈ ಚಿಕಿತ್ಸೆ ಪಡೆದವರೂ ಇದ್ದರು. 2007ರಲ್ಲಿ ನ್ಯೂಯಾರ್ಕ್ ಪ್ರದೇಶದ ಆಸ್ಪತ್ರೆಗಳ 347 ರೋಗಿಗಳನ್ನು ಅನುಸರಿಸಿದ ಅಧ್ಯಯನವು, ತಲೆಯ ಎರಡೂ ಬದಿಗೆ ಬಿಲ್ಲೆಯಿಟ್ಟು ಕೊಟ್ಟವರಲ್ಲಿ ಇಂಥ ಮರೆವು ಆರು ತಿಂಗಳ ನಂತರವೂ ಹೆಚ್ಚಾಗಿತ್ತೆಂದು ತೋರಿಸಿತು. ಒಂದೇ ಬದಿಗೆ ಕೊಡುವುದರಿಂದ, ಮಿಡಿತವನ್ನು ಕಿರಿದಾಗಿಸುವುದರಿಂದ ಈ ನಷ್ಟ ಕಡಿಮೆಯಾಗುತ್ತದೆ. ಕೆಲವೊಮ್ಮೆ ಗುಣವೂ ತುಸು ನಿಧಾನವಾಗುತ್ತದೆ.

ನಮ್ಮ ಶಾಲೆಯ ಗಣಿತದ ಮೇಷ್ಟ್ರೊಬ್ಬರಿದ್ದರು, ಹೆಸರು ಬೇಡ. ನಿವೃತ್ತಿಯ ಮರುವರ್ಷ ಅವರಿಗೆ ಖಿನ್ನತೆ ಅಡರಿತು. "ನನ್ನ ಕರುಳು ಕೊಳೆತುಹೋಗಿದೆ, ಊಟ ಯಾರಿಗೆ?" ಎಂದು ತಟ್ಟೆ ಸರಿಸುತ್ತಿದ್ದರು. ಮಾತ್ರೆಗಳಿಂದ ಫಲ ಕಾಣದೆ ಎಂಟು ಸಲ ಇಸಿಟಿಯಾಯಿತು. ಮೂರನೆಯ ವಾರ ತಾವೇ ಕಾಫಿ ಕೇಳಿ ಕುಡಿದರು. ಮತ್ತೆ ಪತ್ರಿಕೆ ಹಿಡಿದರು. ಆದರೆ ಮೊಮ್ಮಗಳ ನಾಮಕರಣದ ಫೋಟೋ ನೋಡಿ, "ಇದು ಯಾವಾಗ ಆಯಿತು? ನಾನೂ ಇದ್ದೇನಲ್ಲ!" ಎಂದರು. ಆ ದಿನ ಅವರ ನೆನಪಿನಿಂದ ಶಾಶ್ವತವಾಗಿ ಹೋಗಿತ್ತು. ಹೀಗಾಗಬಹುದೆಂದು ಆಸ್ಪತ್ರೆಯಲ್ಲಿ ಯಾರೂ ಅವರಿಗಾಗಲಿ ಮನೆಯವರಿಗಾಗಲಿ ಹೇಳಿರಲಿಲ್ಲ. "ಚಿಕಿತ್ಸೆ ಬೇಡವಾಗಿತ್ತು ಎನ್ನುವುದಿಲ್ಲ ಕಣ್ರೀ. ಆದರೆ ನನ್ನ ಖಾತೆಯಿಂದ ಹಣ ತೆಗೆಯುವ ಮುಂಚೆ ನನ್ನನ್ನೊಂದು ಮಾತು ಕೇಳಬೇಡವೇ?" ಎಂದು ನನ್ನೊಡನೆ ಹೇಳಿದ್ದರು. ಗಣಿತದವರ ಮಾತು, ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ನನ್ನಿಂದಾಗದು.

ರೋಗಿ ಹೆದರಿಯಾನೆಂದು ಸತ್ಯ ಮುಚ್ಚುವ ವೈದ್ಯರು ತಿಳಿಯಬೇಕಾದದ್ದೇನೆಂದರೆ, ಮುಚ್ಚಿಟ್ಟ ಮರೆವು ಮನೆಗೆ ಹೋದ ಮೇಲೆ ಬಯಲಾಗುತ್ತದೆ. ಅಲ್ಲಿಂದ ಊರಿಗೆಲ್ಲ "ಮಿದುಳು ಸುಟ್ಟರು" ಎಂಬ ಸುದ್ದಿಯಾಗುತ್ತದೆ. ಅಂತೆ ಕಂತೆಗೆ ಗೊಬ್ಬರ ಹಾಕುವವರು ಹೀಗೆ ಅವರೇ ಆಗುತ್ತಾರೆ.

ಇದೇ ಮರೆವನ್ನು ಹಿಡಿದುಕೊಂಡು ಇಸಿಟಿಯನ್ನೇ ನಿಷೇಧಿಸಿ ಎನ್ನುವವರೂ ಇದ್ದಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಮಾತು ಅದು. ಆದರೂ ಅವರ ವಾದಕ್ಕೆ ಉತ್ತರ ಕೊಡಲೇಬೇಕು. 2019ರಲ್ಲಿ ಜಾನ್ ರೀಡ್ ಮತ್ತು ಸಂಗಡಿಗರು, ನಿಜವಾದ ಇಸಿಟಿಯನ್ನು ಬರಿಯ ಅರಿವಳಿಕೆಯ ಹುಸಿ ಇಸಿಟಿಯೊಂದಿಗೆ ಹೋಲಿಸಿದ ಪ್ರಯೋಗಗಳೆಲ್ಲ ಹಳೆಯವು, 1985ರ ನಂತರ ಒಂದೂ ಇಲ್ಲ, ಅವುಗಳ ಗುಣಮಟ್ಟವೂ ಸಾಲದು ಎಂದು ಬರೆದರು. ಪ್ರಯೋಗಗಳು ಹಳೆಯವು, ಚಿಕ್ಕವು ಎಂಬುದು ನಿಜ. ಆದರೆ ಆಧಾರ ಅಷ್ಟಕ್ಕೇ ನಿಂತಿಲ್ಲ. 2003ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಸಮೀಕ್ಷೆಯಲ್ಲಿ ನಿಜವಾದ ಇಸಿಟಿ ಹುಸಿ ಇಸಿಟಿಗಿಂತ ಮೇಲಾಗಿತ್ತು. ಔಷಧಗಳೊಂದಿಗೆ ಹೋಲಿಸಿದ 18 ಪ್ರಯೋಗಗಳಲ್ಲಿ ಒಟ್ಟಾರೆ ಔಷಧಗಳಿಗಿಂತಲೂ ಮೇಲಾಗಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಗಂಗಾಧರ್, ಕಪೂರ್ ಮತ್ತು ಸಂಗಡಿಗರು ಇಸಿಟಿಯನ್ನು ಇಮಿಪ್ರಮಿನ್ ಮಾತ್ರೆಯೊಡನೆ ಹೋಲಿಸಿ, ಯಾರಿಗೆ ಯಾವುದೆಂದು ರೋಗಿಗೂ ಪರೀಕ್ಷಿಸುವವರಿಗೂ ತಿಳಿಯದಂತೆ ನಡೆಸಿದ ಪ್ರಯೋಗ 1982ರಲ್ಲೇ ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟವಾಗಿದೆ. 2005ರ ಒಂದು ಅಮೆರಿಕನ್ ಅಧ್ಯಯನವಂತೂ ನನ್ನ ಮನಸ್ಸಿನಲ್ಲಿ ನಿಂತಿದೆ: ಸಾಯಬೇಕೆಂಬ ತೀವ್ರ ಇಚ್ಛೆಯನ್ನು ಬಾಯಿಬಿಟ್ಟು ಹೇಳಿದ್ದ 131 ರೋಗಿಗಳಲ್ಲಿ, ಮೂರು ಸಲದ ಚಿಕಿತ್ಸೆಯ ಹೊತ್ತಿಗೆ ನೂರಕ್ಕೆ 38 ಮಂದಿಯಲ್ಲಿ ಆ ಇಚ್ಛೆ ಇಲ್ಲವಾಗಿತ್ತು, ಚಿಕಿತ್ಸೆಯ ಕೊನೆಗೆ ನೂರಕ್ಕೆ 81 ಮಂದಿಯಲ್ಲಿ. ಒಂದು ವಾರದಲ್ಲಿ! ಮಾತ್ರೆಗಳು ಕೆಲಸ ಆರಂಭಿಸಲು ವಾರಗಳೇ ಬೇಕು. ಆ ವಾರಗಳಲ್ಲಿ ಎಷ್ಟು ಮನೆಗಳ ದೀಪ ಆರಿದೆಯೆಂಬುದನ್ನು ನೀವೂ ಬಲ್ಲಿರಿ.

ಇನ್ನೊಂದು ಸತ್ಯವನ್ನೂ ಹೇಳದೆ ಬಿಡಬಾರದು. ಇಸಿಟಿ ಒಮ್ಮೆ ಕೊಟ್ಟು ಮರೆಯುವ ಮದ್ದಲ್ಲ. ಗುಣವಾದ ಮೇಲೆ ಬೇರೆ ಔಷಧ ಕೊಡದೆ ಬಿಟ್ಟವರಲ್ಲಿ ನೂರಕ್ಕೆ 84 ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿತೆಂದು 2001ರ ಅಧ್ಯಯನ ತೋರಿಸಿದೆ; ಎರಡು ಬಗೆಯ ಔಷಧಗಳನ್ನು ಮುಂದುವರಿಸಿದವರಲ್ಲಿ ಅದು 39ಕ್ಕೆ ಇಳಿಯಿತು. "ಕರೆಂಟ್ ಕೊಡಿಸಿದೆವು, ಮತ್ತೆ ಬಂತು, ಏನೂ ಪ್ರಯೋಜನವಿಲ್ಲ" ಎನ್ನುವವರನ್ನು ಕೇಳಿ ನೋಡಿ: ಆಮೇಲೆ ಮಾತ್ರೆ ತಪ್ಪದೆ ಕೊಟ್ಟಿದ್ದಿರಾ?

ಯಾರಿಗೆ ಇದು ಬೇಕು? ಸಣ್ಣ ಬೇಸರಕ್ಕೆ, ಪರೀಕ್ಷೆಯಲ್ಲಿ ನಪಾಸಾದ ದುಃಖಕ್ಕೆ ಖಂಡಿತ ಬೇಡ. ಅನ್ನ ನೀರು ಬಿಟ್ಟವರಿಗೆ, ಕಲ್ಲಿನಂತೆ ಜಡವಾದವರಿಗೆ, ಇಲ್ಲದ ಪಾಪವನ್ನು ಮಾಡಿದೆನೆಂದು ಭ್ರಮಿಸಿ ಸಾವನ್ನು ಬಯಸುವವರಿಗೆ, ಹಲವು ಔಷಧಗಳಿಂದಲೂ ಫಲ ಕಾಣದವರಿಗೆ. ಅಂಥವರಿಗೆ ಚಿಕಿತ್ಸೆ ತಡವಾದರೆ ಆಗುವ ನಷ್ಟದ ಮುಂದೆ ಕೆಲವು ತಿಂಗಳುಗಳ ಮರೆವು ಎಷ್ಟು ದೊಡ್ಡದು ಎಂದು ತೂಗಬೇಕು. ತೂಗುವ ಹಕ್ಕು ಮೊದಲು ರೋಗಿಯದು. ರೋಗಿಗೆ ಆ ಶಕ್ತಿ ಇಲ್ಲದಾಗ ಕಾಯಿದೆ ಗುರುತಿಸುವ ಹತ್ತಿರದ ಪ್ರತಿನಿಧಿಯದು. ಮದುವೆಮನೆಯಲ್ಲಿ ಸಿಕ್ಕ ದೂರದ ಚಿಕ್ಕಪ್ಪನದಲ್ಲ. ಮೊಬೈಲಿಗೆ ಬಂದ ವೀಡಿಯೊದ್ದೂ ಅಲ್ಲ.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ತೆರೆಗೆ ತಂದ 'ಶರಪಂಜರ'ವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿ ಕಣ್ಣೀರು ಹಾಕಿದ್ದೀರಿ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬಂದಳು. ಅವಳನ್ನು ಮತ್ತೆ ಅಲ್ಲಿಗೆ ತಳ್ಳಿದ್ದು ಸುತ್ತಲಿನವರ ಪಿಸುಮಾತು, ಸಂಶಯದ ನೋಟ. ಅರ್ಧ ಶತಮಾನ ಕಳೆಯಿತು. ನಾವು ಅತ್ತೆವು, ಆದರೆ ಪಿಸುಗುಟ್ಟುವುದನ್ನು ಬಿಡಲಿಲ್ಲ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಮೇಷ್ಟ್ರ ಕೊನೆಯ ಮನೆಪಾಠ. ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದರೆ ವೈದ್ಯರನ್ನು ಐದು ವಿಷಯ ಕೇಳಿ: ಇವರಿಗೆ ಇದೇ ಏಕೆ? ತಲೆಯ ಒಂದು ಬದಿಗೋ ಎರಡು ಬದಿಗೋ? ಅರಿವಳಿಕೆ ತಜ್ಞರು ಇರುತ್ತಾರೆಯೇ? ಮರೆವನ್ನು ಚಿಕಿತ್ಸೆಗೆ ಮುಂಚೆಯೂ ಆಮೇಲೂ ಹೇಗೆ ಪರೀಕ್ಷಿಸುತ್ತೀರಿ? ಮುಗಿದ ಮೇಲೆ ಯಾವ ಔಷಧ? ಉತ್ತರ ಕೊಡದ ವೈದ್ಯರಿದ್ದರೆ ಬೇರೆಯವರನ್ನು ನೋಡಿ. ಚಿಕಿತ್ಸೆಗೆ ಮುಂಚಿನ ತಿಂಗಳುಗಳ ಮುಖ್ಯ ಸಂಗತಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಫೋಟೋ ಅಂಟಿಸಿ; ಮುಂದೆ ಅವರಿಗೆ ಓದಿ ಹೇಳಿ. ಯಾರನ್ನು ಕೇಳುವುದೆಂದೇ ತೋಚದಿದ್ದರೆ, ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಬಂಧುಗಳಿಗೆ ಇಷ್ಟೇ ಬಿನ್ನಹ. ನಿಮಗೆ ಗೊತ್ತಿಲ್ಲದ ಚಿಕಿತ್ಸೆಯ ಬಗ್ಗೆ ರೋಗಿಯ ಹಾಸಿಗೆಯ ಪಕ್ಕದಲ್ಲಿ "ಅಂತೆ" ಎಂದು ಮಾತು ಆರಂಭಿಸುವ ಮುನ್ನ ಒಂದು ಗಳಿಗೆ ಸುಮ್ಮನಿರಿ. ಹೋಗುವಾಗ ಹಣ್ಣು ತೆಗೆದುಕೊಂಡು ಹೋಗಿ, ಕೈ ಹಿಡಿದು ಕುಳಿತುಕೊಳ್ಳಿ. ಅಷ್ಟು ಸಾಕು.

ಎಲ್ಲರಿಗೂ ಒಳ್ಳೆಯದಾಗಲಿ.